ಸಂಕೋಚಕ್ಕೆ ಹೇಡಿಯ ಹೆಸರು: ಲ್ಯಾಟಿನ್ ಬಳಗದಲ್ಲಿ ಒಂದು ಅರ್ಥಾಂತರ

ಇಟಾಲಿಯನ್ನಿನ ವೆರ್ಗೋನ್ಯಾ, ಸ್ಪ್ಯಾನಿಷ್ ಭಾಷೆಯ ವೆರ್ಗ್ವೆನ್ಸಾ, ಪೋರ್ಚುಗೀಸ್ ಮತ್ತು ಆಕ್ಸಿಟನ್ ಭಾಷೆಗಳ ವೆರ್ಗೊನ್ಯ, ಕ್ಯಾಟಲನ್ನಿನ ವೆರ್ಗೊನ್ಯಾ, ಫ್ರೆಂಚಿನ ವೆರ್ಗೊನ್ಯ್ ಇವೆಲ್ಲ ಲ್ಯಾಟಿನ್ನಿನ ವೆರೆಕುಂದಿಯಾ ಎಂಬ ಒಂದೇ ಪದದ ಸಂತಾನ. ಇದರಲ್ಲಿ ಯಾರದೂ ತಕರಾರಿಲ್ಲ. ನಡುವಿನ ಒತ್ತಿಲ್ಲದ ಎಕಾರ ಬಿದ್ದುಹೋಯಿತು, ಕಕಾರ ಗಕಾರವಾಯಿತು, ಕೊನೆಯ ‘-ಂದಿಯಾ’ ಕರಗಿ ‘-ನ್ಯಾ’ ಆಯಿತು. ಬುರ್ಗುಂದಿಯಾ ಎಂಬ ಸೀಮೆಯ ಹೆಸರು ಫ್ರೆಂಚಿನಲ್ಲಿ ಬೂರ್ಗೊನ್ಯ್, ಇಟಾಲಿಯನ್ನಿನಲ್ಲಿ ಬೋರ್ಗೋನ್ಯಾ ಆದದ್ದೂ ಇದೇ ದಾರಿಯಲ್ಲಿ. ಸ್ಪ್ಯಾನಿಷ್ ಮಾತ್ರ ‘-ನ್ಸಾ’ ಎಂಬ ಬೇರೆ ಕವಲು ಹಿಡಿದಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ವೆರ್ಗ್ವೇನ್ಯಾ ಎಂಬ ರೂಪವೂ ಇತ್ತು.

ತೊಡಕಿರುವುದು ಅರ್ಥದಲ್ಲಿ. ಲ್ಯಾಟಿನ್ ಗ್ರಂಥಗಳ ವೆರೆಕುಂದಿಯಾ ಸಂಕೋಚ, ವಿನಯ, ಎದುರಿಗಿರುವವರ ಬಗೆಗಿನ ಲಕ್ಷ್ಯ ಎಲ್ಲವನ್ನೂ ಒಳಗೊಂಡ ಗುಣ. ಮನುಷ್ಯನಾದವನಿಗೆ ಅದು ಇರಬೇಕೆಂದು ರೋಮನರು ಬಯಸುತ್ತಿದ್ದರು. ಅದರಿಂದ ಹುಟ್ಟಿದ ಪದಗಳಲ್ಲಿ ಇಂದು ಮುಂದೆ ನಿಂತಿರುವುದು ಅವಮಾನದ ನಾಚಿಕೆ. ನಾಲ್ಕು ಜನರೆದುರು ಬಾಯಿ ಬಿಡಲು ಹಿಂಜರಿಯುವವನನ್ನು ಈ ಭಾಷೆಗಳು ಹೆಚ್ಚಾಗಿ ಕರೆಯುವುದು ತೀಮಿದೊ ಅಥವಾ ತಿಮೀದ್ ಎಂದು. ಅದರ ಮೂಲವಾದ ತಿಮಿದುಸ್‌ಗೆ ಲ್ಯಾಟಿನ್ನಿನಲ್ಲಿದ್ದ ಮೊದಲ ಅರ್ಥ ಅಂಜುಬುರುಕ, ಹೇಡಿ. ಸಂಕೋಚದ ಮನುಷ್ಯನಿಗೆ ಹೇಡಿಯ ಹೆಸರು ಅಂಟಿದ್ದು ಹೇಗೆ? ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ತದ್ಭವವು ಅವಮಾನದ ಕಡೆಗೆ ವಾಲಿದ್ದರಿಂದ ಸಂಕೋಚದ ಜಾಗ ತೆರವಾಯಿತು. ಅಲ್ಲಿಗೆ ಪುಸ್ತಕದಿಂದ ತತ್ಸಮವೊಂದು ಬಂದು ಕೂತಿತು. ಬಂದದ್ದು ಭಯದ ಪದವಾದ್ದರಿಂದ ಗುಣವಾಗಿದ್ದದ್ದು ಕೊರತೆಯಾಯಿತು. ಈ ಟಿಪ್ಪಣಿಯ ವಾದ ಇಷ್ಟೇ.

ವೆರೆಕುಂದಿಯಾದ ಬೇರು ವೆರೆಯೋರ್ ಎಂಬ ಕ್ರಿಯಾಪದ. ಭಯ, ಗೌರವ ಎರಡೂ ಬೆರೆತ ಮನಸ್ಸಿನಿಂದ ಒಬ್ಬರೆದುರು ನಿಲ್ಲುವುದು ಎಂದರ್ಥ. ನಮ್ಮ ‘ಭಯಭಕ್ತಿ’ಗೆ ಹತ್ತಿರ. ಪಾದ್ರಿಗಳ ಹೆಸರಿನ ಮೊದಲು ಬರುವ ‘ರೆವರೆಂಡ್’ ಇದೇ ಮನೆತನದ್ದು. ಇನ್ನೂ ಹಿಂದಕ್ಕೆ ಹೋದರೆ, ಹೆಚ್ಚಿನ ಭಾಷಾವಿದರು ಇದನ್ನು ‘ಕಣ್ಣಿಟ್ಟಿರು’ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿಗೆ ಜೋಡಿಸುತ್ತಾರೆ. ಇಂಗ್ಲಿಷಿನ ಅವೇರ್, ಬಿವೇರ್, ಜರ್ಮ್ಯಾನಿಕ್‌ನಿಂದ ಫ್ರೆಂಚಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ತಿರುಗಿ ಬಂದ ಗಾರ್ಡ್ ಇವೆಲ್ಲ ಆ ಬಳಗವೇ. ‘-ಕುಂದುಸ್’ ಎಂಬ ಪ್ರತ್ಯಯ ಸ್ವಭಾವವನ್ನು ಹೇಳುತ್ತದೆ: ಈರಾ ಎಂದರೆ ಕೋಪ, ಈರಾಕುಂದುಸ್ ಎಂದರೆ ಮುಂಗೋಪಿ. ಹಾಗಾದರೆ ವೆರೆಕುಂದುಸ್ ಎಂದರೆ ಎದುರಿಗಿರುವವರ ಮೇಲೆ ಗಮನವಿಟ್ಟು ನಡೆಯುವ ಸ್ವಭಾವದವನು. ಆದರೆ ವ್ಯುತ್ಪತ್ತಿಯೇ ಅರ್ಥವಲ್ಲ. ಹಾಗೆಂದು ನಂಬಿ ಬರೆದ ಪದಚರಿತ್ರೆಗಳು ನಮ್ಮಲ್ಲೂ ಬೇಕಾದಷ್ಟಿವೆ. ಬಳಕೆಯನ್ನೇ ಸಾಕ್ಷಿಗೆ ಕರೆಯಬೇಕು.

ಒಳ್ಳೆಯ ಸಾಕ್ಷಿ ರೋಮಿನ ವಾಗ್ಮಿ ಸಿಸೆರೊ. ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ‘ದೆ ಒಫಿಕಿಯಿಸ್’ ಎಂಬ ಕರ್ತವ್ಯವಿಚಾರದ ಗ್ರಂಥದಲ್ಲಿ ಅವನು ನ್ಯಾಯವನ್ನೂ ವೆರೆಕುಂದಿಯಾವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಇನ್ನೊಬ್ಬರಿಗೆ ಕೇಡು ಮಾಡದಿರುವುದು ನ್ಯಾಯದ ಕೆಲಸ, ಇನ್ನೊಬ್ಬರ ಮನಸ್ಸಿಗೆ ಇರುಸುಮುರುಸಾಗದಂತೆ ನಡೆದುಕೊಳ್ಳುವುದು ವೆರೆಕುಂದಿಯಾದ ಕೆಲಸ ಎಂಬುದು ಅವನ ವಿಂಗಡಣೆ. ಮುಂದೆ ಕೊಡುವ ಉದಾಹರಣೆಗಳು ಇನ್ನೂ ಸ್ವಾರಸ್ಯದವು. ರಂಗದ ನಟರು ಒಳಗಚ್ಚೆಯಿಲ್ಲದೆ ವೇದಿಕೆ ಹತ್ತುವುದಿಲ್ಲ, ಬಟ್ಟೆ ಅತ್ತಿತ್ತ ಸರಿದು ಕಾಣಬಾರದ್ದು ಕಂಡೀತೆಂದು. ಪ್ರಾಯಕ್ಕೆ ಬಂದ ಮಕ್ಕಳು ತಂದೆಯ ಜೊತೆ, ಅಳಿಯಂದಿರು ಮಾವನ ಜೊತೆ ಸ್ನಾನಕ್ಕೆ ಇಳಿಯುವುದಿಲ್ಲ. ರೋಮಿನ ಸ್ನಾನಗೃಹದಲ್ಲಿ ಅಪರಿಚಿತರ ಜೊತೆ ಬತ್ತಲೆ ಇರಲು ಅಡ್ಡಿಯಿಲ್ಲದವನು ಮಾವನೆದುರು ಇರಲಾರ. ಇಲ್ಲಿ ಯಾರೂ ತಪ್ಪು ಮಾಡಿಲ್ಲ, ಯಾರಿಗೂ ಅವಮಾನವಾಗಿಲ್ಲ. ಇಬ್ಬರ ನಡುವೆ ಎಷ್ಟು ಅಂತರ ಇರಬೇಕೆಂಬ ಅಳತೆ ಮಾತ್ರ ಇದೆ. ರೋಮನ್ ಭಾವನೆಗಳ ಪದಗಳನ್ನು ಬಿಡಿಸಿ ನೋಡಿದ ರಾಬರ್ಟ್ ಕಾಸ್ಟರ್ 2005ರ ತಮ್ಮ ಗ್ರಂಥದಲ್ಲಿ ವೆರೆಕುಂದಿಯಾವನ್ನು ಹೆಚ್ಚುಕಡಿಮೆ ಹೀಗೇ ಅರ್ಥಮಾಡುತ್ತಾರೆ: ಒಂದು ಭೇಟಿಯಲ್ಲಿ ತಾನು ಎಷ್ಟು ಜಾಗ ಹಿಡಿಯಬಹುದು, ಎಲ್ಲಿ ಹಿಂದೆ ಸರಿಯಬೇಕು ಎಂಬ ಎಚ್ಚರ. ಈ ಓದನ್ನು ನಾನು ಒಪ್ಪುತ್ತೇನೆ.

ವೆರೆಕುಂದಿಯಾದ ಪಕ್ಕದ ಮನೆಯ ಪದ ಪುದೋರ್. ಅದರ ಕ್ರಿಯಾಪದ ಪುದೆತ್‌ಗೆ ಕರ್ತೃವೇ ಇಲ್ಲ. ನಾಚುವವನು ದ್ವಿತೀಯಾ ವಿಭಕ್ತಿಯಲ್ಲಿ, ನಾಚಿಕೆಯ ಕಾರಣ ಷಷ್ಠಿಯಲ್ಲಿ ಬರುತ್ತದೆ. ‘ನನಗೆ ನಾಚಿಕೆಯಾಗುತ್ತದೆ’ ಎನ್ನುವ ಕನ್ನಡಿಗನಿಗೆ ಇದರಲ್ಲಿ ಅಚ್ಚರಿಯಿಲ್ಲ. ವಿಭಕ್ತಿ ಬೇರೆ, ಕಟ್ಟಡ ಒಂದೇ. ಮರುಕ, ಪಶ್ಚಾತ್ತಾಪ, ಬೇಸರ, ಜಿಗುಪ್ಸೆ, ನಾಚಿಕೆ ಎಂಬ ಐದು ಭಾವಗಳಿಗೆ ಲ್ಯಾಟಿನ್ ಈ ಬಗೆಯ ಕ್ರಿಯಾಪದಗಳನ್ನೇ ಇಟ್ಟುಕೊಂಡಿತ್ತು. ಪುದೋರ್‌ನಿಂದ ಬಂದ ಪುದಿಕುಸ್ ಎಂಬ ಗುಣವಾಚಕ ಮೈಯ ಮಾನ ಕಾಯ್ದುಕೊಂಡವರಿಗೆ ಸಲ್ಲುತ್ತಿತ್ತು. ನಮ್ಮ ಬೇಲಿಯ ಬುಡದ ಮುಟ್ಟಿದರೆ ಮುನಿಗೆ, ಅಂದರೆ ಬ್ರೆಜಿಲ್ ಕಡೆಯಿಂದ ಬಂದು ನೆಲೆನಿಂತ ನಾಚಿಕೆಮುಳ್ಳಿಗೆ, ಲಿನ್ನೇಯಸ್ 1753ರಲ್ಲಿ ಮಿಮೋಸಾ ಪುದಿಕಾ ಎಂದು ಹೆಸರಿಟ್ಟ. ವೆರೆಕುಂದಾ ಎಂದು ಇಟ್ಟಿದ್ದರೆ ಗಿಡಕ್ಕೆ ಮುಟ್ಟಿದವರು ಮಾವನೋ ಅಪರಿಚಿತನೋ ಎಂಬ ಭೇದವೂ ಗೊತ್ತಿರಬೇಕಾಗುತ್ತಿತ್ತು!

ಹಾಗಿದ್ದರೆ, ಇಂದು ನಾವು ಸಂಕೋಚದ ಸ್ವಭಾವ ಎನ್ನುವುದಕ್ಕೆ ರೋಮನರು ಯಾವ ಪದ ಬಳಸುತ್ತಿದ್ದರು? ಮೂರು ಸಂದರ್ಭಗಳನ್ನು ನೋಡಬಹುದು.

ಕವಿ ಹೊರೇಸ್ ತನ್ನ ವಿಡಂಬನೆಗಳ ಮೊದಲ ಪುಸ್ತಕದ ಆರನೆಯದರಲ್ಲಿ ಮೈಕೆನಾಸ್‌ನನ್ನು ಮೊದಲ ಸಲ ಕಂಡದ್ದನ್ನು ನೆನೆಯುತ್ತಾನೆ. ವರ್ಜಿಲ್ ಮತ್ತು ವಾರಿಯುಸ್ ಇವನ ಪರವಾಗಿ ಮಾತಾಡಿಟ್ಟಿದ್ದರು. ಬಿಡುಗಡೆಗೊಂಡ ಗುಲಾಮನೊಬ್ಬನ ಮಗ, ಎದುರಿಗೆ ಆಗಸ್ಟಸ್‌ನ ಆಪ್ತ. ತಡವರಿಸುತ್ತ ನಾಲ್ಕು ಮಾತಾಡಿದ, ಹೆಚ್ಚು ಆಡಲು ಪುದೋರ್ ಬಿಡಲಿಲ್ಲ. ಆ ಪುದೋರ್‌ಗೆ ಅವನು ಹಾಕಿದ ವಿಶೇಷಣ ಇನ್‌ಫಾನ್ಸ್, ಇನ್ನೂ ಮಾತು ಬಾರದ ಕೂಸಿನಂಥದು. ಮೈಕೆನಾಸ್ ತಾನೂ ಚುಟುಕಾಗಿ ಉತ್ತರಿಸಿ ಕಳಿಸಿದ. ಮತ್ತೆ ಕರೆಸಿಕೊಂಡದ್ದು ಒಂಬತ್ತನೆಯ ತಿಂಗಳಲ್ಲಿ. ಎರಡನೆಯದು ಸಿಸೆರೊನದೇ ಪತ್ರ. ಕ್ರಿ.ಪೂ. 55ರ ಸುಮಾರಿಗೆ ಅವನು ಲುಕ್ಕೆಯುಸ್ ಎಂಬ ಇತಿಹಾಸಕಾರನಿಗೆ, ನಿನ್ನ ಗ್ರಂಥದಲ್ಲಿ ನನ್ನ ಸಾಧನೆಯನ್ನು ಹೊಗಳಿ ಬರೆ ಎಂದು ಕೇಳಿಕೊಳ್ಳುತ್ತಾನೆ. ಮುಖತಃ ಕೇಳಲು ಹಲವು ಸಲ ಹೊರಟರೂ ಹಳ್ಳಿಗನದೆನ್ನಬಹುದಾದ ಒಂದು ಪುದೋರ್ ತಡೆಯಿತಂತೆ. ಕಾಗದಕ್ಕೆ ಕೆನ್ನೆ ಕೆಂಪಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದಾನಂತೆ. ಅದೇ ಪತ್ರದಲ್ಲಿ, ವೆರೆಕುಂದಿಯಾದ ಗಡಿಯನ್ನು ಒಮ್ಮೆ ದಾಟಿದವನು ಪೂರಾ ನಾಚಿಕೆಗೆಟ್ಟವನಾಗುವುದೇ ವಾಸಿ ಎಂದೂ ಹೇಳುತ್ತಾನೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂಬ ನಮ್ಮ ಗಾದೆಯನ್ನು ಅವನು ಸ್ವತಃ ಆಚರಣೆಗೆ ತಂದ ಹಾಗಿದೆ. ಎರಡು ಪದಗಳ ಹಂಚಿಕೆಯನ್ನು ಗಮನಿಸಬೇಕು: ಮೈಮನಸ್ಸನ್ನು ಹಿಡಿದು ನಿಲ್ಲಿಸುವುದು ಪುದೋರ್, ದಾಟಬಾರದ ಗೆರೆ ವೆರೆಕುಂದಿಯಾ.

ಮೂರನೆಯದು ವರ್ಜಿಲ್‌ನ ಹಳೆಯ ಜೀವನಚರಿತ್ರೆ. ಅಪರೂಪಕ್ಕೆ ರೋಮಿಗೆ ಬಂದಾಗ ಬೀದಿಯಲ್ಲಿ ಜನ ಬೆರಳು ತೋರಿಸಿ ಹಿಂಬಾಲಿಸಿದರೆ ಅವನು ಪಕ್ಕದ ಯಾವುದಾದರೂ ಮನೆಯೊಳಗೆ ನುಸುಳಿ ತಪ್ಪಿಸಿಕೊಳ್ಳುತ್ತಿದ್ದನಂತೆ. ನೇಪಲ್ಸ್‌ನವರು ಅವನಿಗೆ ಪಾರ್ಥೆನಿಯಾಸ್, ಕನ್ಯೆಯಂಥವನು, ಎಂದು ಅಡ್ಡಹೆಸರಿಟ್ಟಿದ್ದರು. ಈ ಮೂರು ಕಡೆಯೂ ತಿಮಿದುಸ್ ಎಂಬ ಪದ ಸಂಕೋಚದ ಹೆಸರಾಗಿ ಬರುವುದಿಲ್ಲ.

ಬಾರದಿರುವುದಕ್ಕೆ ಕಾರಣವೂ ಇದೆ. ಭಯ ಮತ್ತು ನಾಚಿಕೆಯನ್ನು ಅವರು ಮುಖದ ಬಣ್ಣದಿಂದಲೇ ಬೇರೆಮಾಡುತ್ತಿದ್ದರು. ಅಂಜಿದವನು ಬಿಳಿಚಿಕೊಳ್ಳುತ್ತಾನೆ, ನಾಚಿದವನು ಕೆಂಪಾಗುತ್ತಾನೆ, ಹೀಗೇಕೆ ಎಂಬ ಪ್ರಶ್ನೆಯನ್ನು ಔಲುಸ್ ಗೆಲ್ಲಿಯುಸ್ ತನ್ನ ‘ನೊಕ್ಟೆಸ್ ಅಟ್ಟಿಕೆ’ಯ 19ನೆಯ ಪುಸ್ತಕದಲ್ಲಿ ಎತ್ತಿಕೊಳ್ಳುತ್ತಾನೆ. ಪುದೋರ್ ರಕ್ತವನ್ನು ಹರಡುತ್ತದೆ, ಭಯ ಕುಗ್ಗಿಸುತ್ತದೆ ಎಂಬುದು ಅಲ್ಲಿನ ಉತ್ತರ. ಸೆನೆಕಾ ಲುಕಿಲಿಯುಸ್‌ಗೆ ಬರೆದ 11ನೆಯ ಪತ್ರದ ಹೆಚ್ಚಿನ ಭಾಗ ಕೆನ್ನೆ ಕೆಂಪಾಗುವುದನ್ನು ಕುರಿತದ್ದೇ. ದಂಡನಾಯಕ ಪಾಂಪೆ ಜನಸಭೆಯಲ್ಲಿ ಯಾವಾಗಲೂ ಕೆಂಪಾಗುತ್ತಿದ್ದ. ಸುಲ್ಲಾನ ಮುಖಕ್ಕೆ ರಕ್ತ ನುಗ್ಗಿದಾಗ ಮಾತ್ರ ಹತ್ತಿರದಲ್ಲಿ ಇರಬಾರದು ಎಂದು ಜನ ಅಂಜುತ್ತಿದ್ದರು. ನಟರ ಬಗ್ಗೆ ಸೆನೆಕಾ ಹೇಳುವುದು ಇನ್ನೂ ಸೂಕ್ಷ್ಮ: ಅವರು ಭಯವನ್ನು, ನಡುಕವನ್ನು, ದುಃಖವನ್ನು ಅಭಿನಯಿಸಬಲ್ಲರು, ವೆರೆಕುಂದಿಯಾ ತೋರಿಸಬೇಕಾದರೆ ತಲೆ ತಗ್ಗಿಸಿ, ದನಿ ಇಳಿಸಿ, ಕಣ್ಣನ್ನು ನೆಲಕ್ಕೆ ನೆಡುತ್ತಾರೆ, ಕೆನ್ನೆಯ ಕೆಂಪನ್ನು ಮಾತ್ರ ತಂದುಕೊಳ್ಳಲಾರರು. ಭಯವೂ ವೆರೆಕುಂದಿಯಾವೂ ಬೇರೆ ಬೇರೆ ಅಭಿನಯ ಎಂಬುದು ಇಲ್ಲಿ ಗೃಹೀತ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಎದುರಾಗುವ ಸಾಕ್ಷಿಯನ್ನೂ ಮುಂದಿಡಬೇಕು. ಕ್ರಿ.ಶ. ಮೊದಲ ಶತಮಾನದ ಕೊನೆಯಲ್ಲಿ ಕ್ವಿಂಟಿಲಿಯನ್ ತನ್ನ ವಾಗ್ಮಿತೆಯ ಗ್ರಂಥದ 12ನೆಯ ಪುಸ್ತಕದಲ್ಲಿ ವೆರೆಕುಂದಿಯಾವನ್ನು ಭಯ ಎಂದೇ ವಿವರಿಸುತ್ತಾನೆ: ಮಾಡಬೇಕಾದ ಕೆಲಸದಿಂದ ಮನಸ್ಸನ್ನು ಹಿಂದಕ್ಕೆಳೆಯುವ ಒಂದು ಬಗೆಯ ಭಯ. ಅದಕ್ಕೆ ಮದ್ದು ಆತ್ಮವಿಶ್ವಾಸ ಎನ್ನುತ್ತಾನೆ. ಇಂದಿನ ಭಾಷಣಕಲೆಯ ಶಿಬಿರದಲ್ಲೂ ಇದನ್ನೇ ಹೇಳುತ್ತಾರೆ. ಆದರೂ ಅವನಿಗೆ ಅದನ್ನು ದೋಷ ಎನ್ನಲು ಮನಸ್ಸಿಲ್ಲ. ದೋಷವಾದರೂ ಮುದ್ದಾದ ದೋಷ, ಸದ್ಗುಣಗಳು ಸುಲಭವಾಗಿ ಹುಟ್ಟುವ ನೆಲ ಎಂದು ತಿದ್ದಿಕೊಳ್ಳುತ್ತಾನೆ. ಕ್ವಿಂಟಿಲಿಯನ್ ಹೊಟ್ಟೆಪಾಡಿಗೆ ಹುಡುಗರನ್ನು ವೇದಿಕೆ ಹತ್ತಿಸುತ್ತಿದ್ದ ಮೇಷ್ಟ್ರು ಎಂಬುದನ್ನು ಮರೆಯಬಾರದು. ಮೇಷ್ಟ್ರ ಕಣ್ಣಿಗೆ ಸಂಕೋಚ ಮೊದಲು ಅಡ್ಡಿಯಾಗಿಯೇ ಕಾಣುತ್ತದೆ. ಭಯದ ಬೀಜ ಲ್ಯಾಟಿನ್ನಿನಲ್ಲೇ ಇತ್ತು ಎಂಬುದನ್ನು ಮಾತ್ರ ಒಪ್ಪಲೇಬೇಕು.

ಮಧ್ಯಯುಗದಲ್ಲಿ ಪದ ಎರಡು ದಾರಿ ಹಿಡಿಯಿತು. ಒಂದು ಸೈನಿಕರ ದಾರಿ. ರೋಮನ್ ಕಾಲದ ಕೊನೆಯ ಭಾಗದ ಯುದ್ಧಶಾಸ್ತ್ರಕಾರ ವೆಗೆತಿಯುಸ್, ಯಾರನ್ನು ಸೇನೆಗೆ ಸೇರಿಸಿಕೊಳ್ಳಬೇಕೆಂದು ಹೇಳುತ್ತ ಮೀನುಗಾರರು, ಹಕ್ಕಿ ಹಿಡಿಯುವವರು, ಸಿಹಿತಿಂಡಿ ಮಾಡುವವರು, ನಾರುಬಟ್ಟೆ ನೇಯುವವರು ಬೇಡ, ಕಮ್ಮಾರರು, ಬಡಗಿಗಳು, ಕಟುಕರು, ಬೇಟೆಗಾರರು ಬೇಕು ಎಂದು ಪಟ್ಟಿ ಕೊಡುತ್ತಾನೆ. ಅದೇ ಅಧ್ಯಾಯದಲ್ಲಿ ವೆರೆಕುಂದಿಯಾವೂ ಬರುತ್ತದೆ: ಓಡಿಹೋಗಲು ಬಿಡದ ಅದೇ ಯೋಧನನ್ನು ಗೆಲ್ಲಿಸುತ್ತದೆ. 13ನೆಯ ಶತಮಾನದಲ್ಲಿ ಕಾಸ್ಟೀಲಿನ ದೊರೆ 10ನೆಯ ಅಲ್ಫಾನ್ಸೊ ಮಾಡಿಸಿದ ‘ಸಿಯೆತೆ ಪಾರ್ತೀದಾಸ್’ ಎಂಬ ಕಾನೂನು ಸಂಹಿತೆ ವೀರಯೋಧರ ಭಾಗದಲ್ಲಿ ಈ ಮಾತನ್ನು ಎತ್ತಿಕೊಂಡು ವೆರೆಕುಂದಿಯಾದ ಜಾಗದಲ್ಲಿ ಅದರ ಸ್ಪ್ಯಾನಿಷ್ ತದ್ಭವವನ್ನೇ ಇಟ್ಟಿತು. ಇಲ್ಲಿ ನಾಚಿಕೆಯಿದ್ದವನೇ ಶೂರ, ಹೇಡಿ ಅವನ ಎದುರುಪದ. ಆ ಸಂಹಿತೆಯನ್ನು ಓದಿದವನಿಗೆ ಸಂಕೋಚವನ್ನೂ ಹೇಡಿತನವನ್ನೂ ಒಂದೇ ಪದದಲ್ಲಿ ಕಟ್ಟುವುದು ತಲೆಕೆಳಗಾದ ಮಾತಾಗಿ ಕೇಳಿಸುತ್ತಿತ್ತು.

ಇನ್ನೊಂದು ಧರ್ಮಶಾಸ್ತ್ರದ ದಾರಿ. ಅದೇ ಶತಮಾನದ ಥಾಮಸ್ ಅಕ್ವಿನಾಸ್ ತನ್ನ ‘ಸುಮ್ಮಾ’ದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ 144ನೆಯ ಪ್ರಶ್ನೆಯನ್ನು ವೆರೆಕುಂದಿಯಾಕ್ಕೆ ಮೀಸಲಿಟ್ಟ. ಅರಿಸ್ಟಾಟಲ್‌ನನ್ನು ಅನುಸರಿಸಿ ಅದನ್ನು ಪೂರ್ಣ ಸದ್ಗುಣವಲ್ಲದ, ಆದರೆ ಮೆಚ್ಚತಕ್ಕ ಭಾವ ಎಂದ. ಹೊಲಸು ಕೆಲಸದಿಂದ ಬರುವ ಅಪಕೀರ್ತಿಯ ಭಯ ಎಂದು ವಿವರಿಸಿದ. ದಾರಿಹೋಕರಿಗಿಂತ ಜೊತೆಯಲ್ಲಿ ಬಾಳುವವರೆದುರು ಮನುಷ್ಯ ಹೆಚ್ಚು ನಾಚುತ್ತಾನೆ ಎಂಬ ಅವನ ಮಾತಿನಲ್ಲಿ ಸಿಸೆರೊನ ಮಾವ-ಅಳಿಯರ ನೆರಳು ಇನ್ನೂ ಇದೆ. ಆದರೆ ಭಾವದ ಮುಖ ತಿರುಗಿಬಿಟ್ಟಿದೆ. ಸಿಸೆರೊನಲ್ಲಿ ಅದು ಎದುರಿನವರ ಕಡೆಗೆ ನೋಡುತ್ತಿತ್ತು, ಇಲ್ಲಿ ತನ್ನ ಪಾಪದ ಕಡೆಗೆ ನೋಡುತ್ತದೆ.

ಹಳೆಯ ಅರ್ಥ ಒಮ್ಮೆಗೇ ಸಾಯಲಿಲ್ಲ. ಫ್ಲಾರೆನ್ಸಿನಲ್ಲಿ 1442ರಲ್ಲಿ, ಮುಂದೆ ಆರ್ಚ್‌ಬಿಷಪ್ ಆದ ಆಂತೊನೀನೊ, ಹನ್ನೆರಡು ಜನ ಗೃಹಸ್ಥರನ್ನು ಕೂಡಿಸಿ ಒಂದು ದಾನಸಂಘ ಕಟ್ಟಿದ. ಸಾನ್ ಮಾರ್ತೀನೊದ ಈ ‘ಬುವೊನೋಮಿನಿ’, ಅಂದರೆ ಸಜ್ಜನರು, ನೆರವು ಕೊಡುತ್ತಿದ್ದದ್ದು ಪೋವೆರಿ ವೆರ್ಗೊನ್ಯೋಸಿಗಳಿಗೆ, ಎಂದರೆ ಬಾಳಿ ಬದುಕಿದ ಮನೆತನದವರಾಗಿದ್ದು ಈಗ ಒಲೆ ಹಚ್ಚಲು ಗತಿಯಿಲ್ಲದಿದ್ದರೂ ಕೈಯೊಡ್ಡಲಾರದವರಿಗೆ. ಸಜ್ಜನರು ಸದ್ದಿಲ್ಲದೆ ಮನೆಗೆ ಹೋಗಿ ಕೊಟ್ಟುಬರುತ್ತಿದ್ದರು. ಸಂಘದ ಪುಟ್ಟ ಪೂಜಾಮಂದಿರದ ಗೋಡೆಗಳ ಮೇಲೆ, ಗಿರ್ಲಾಂಡಾಯೊ ಚಿತ್ರಶಾಲೆಯವೆನ್ನಲಾಗುವ ಭಿತ್ತಿಚಿತ್ರಗಳಲ್ಲಿ, ಈ ದಾನದ ಕೆಲಸಗಳೇ ಇವೆ. ಸಂಘ ಇಂದಿಗೂ ನಡೆಯುತ್ತಿದೆ. ಈ ವೆರ್ಗೊನ್ಯೋಸಿಗಳು ಯಾವ ತಪ್ಪನ್ನೂ ಮಾಡಿದವರಲ್ಲ, ಕೇಳಲು ಸಂಕೋಚಪಡುವವರು. ‘ನಾಚಿಕೆಗೇಡಿ’ ಎಂಬ ಅರ್ಥವನ್ನೂ ಹೊತ್ತುಕೊಂಡಿರುವ ಇಂದಿನ ವೆರ್ಗೊನ್ಯೋಸೊ ಎಂಬ ಪದದಿಂದ ಅವರನ್ನು ಊಹಿಸಿಕೊಳ್ಳುವುದು ಕಷ್ಟ.

ಅತಿ ಹೆಚ್ಚು ನಷ್ಟವಾದದ್ದು ಫ್ರೆಂಚಿನಲ್ಲಿ. ಅಲ್ಲಿ ವೆರ್ಗೊನ್ಯ್ ಈಗ ಬದುಕಿರುವುದು ‘ಸಾಂ ವೆರ್ಗೊನ್ಯ್’, ನಾಚಿಕೆಯಿಲ್ಲದೆ, ಎಂಬ ನುಡಿಗಟ್ಟಿನಲ್ಲಿ ಮಾತ್ರ ಎನ್ನಬಹುದು. ಅದರ ಜಾಗವನ್ನು ಫ್ರಾಂಕರ ಜರ್ಮ್ಯಾನಿಕ್ ಭಾಷೆಯಿಂದ ಬಂದ ಓಂತ್ ಹಿಡಿಯಿತು. ಇಂಗ್ಲೆಂಡಿನ ಗಾರ್ಟರ್ ಪದವಿಯ ಘೋಷವಾಕ್ಯದ ಮೊದಲ ಪದವೂ ಆ ಕುಲದ್ದೇ. ಓಂತ್ ಒರಟು ಪದ, ಒಳ್ಳೆಯ ನಾಚಿಕೆಗೂ ಕೆಟ್ಟ ನಾಚಿಕೆಗೂ ಒಂದೇ. ಈ ಕೊರತೆಯನ್ನು ಆಗಿನವರೇ ಗಮನಿಸಿದ್ದರು. 1647ರ ತನ್ನ ಭಾಷಾಟಿಪ್ಪಣಿಗಳಲ್ಲಿ ವೈಯಾಕರಣ ವೋಜ್‌ಲಾ, ಒಳ್ಳೆಯ ನಾಚಿಕೆಯೊಂದನ್ನೇ ಹೇಳುವ ಪ್ಯುದರ್ ಎಂಬ ಪದ ಸಿಕ್ಕಿದ್ದಕ್ಕೆ ಕವಿ ದೆಪೋರ್ತ್‌ಗೆ ಋಣಿಗಳಾಗಿರಬೇಕು ಎಂದ. ಲ್ಯಾಟಿನ್ನಿನ ಪುದೋರ್ ಹೀಗೆ ತತ್ಸಮವಾಗಿ ಮರಳಿತು, ಆದರೆ ಹೆಚ್ಚಾಗಿ ಮೈಮುಚ್ಚುವ ಲಜ್ಜೆಗೆ ಸೀಮಿತವಾಗಿ. ಹೊರೇಸನ ಬಾಯಿ ಕಟ್ಟಿದ ಪುದೋರ್‌ಗೆ ಹೆಸರು ಇನ್ನೂ ಬೇಕಿತ್ತು.

ಅದನ್ನು ಒದಗಿಸಿದ್ದು ತಿಮೀದ್. ಇದು ಬಾಯಿಂದ ಬಾಯಿಗೆ ಇಳಿದು ಬಂದ ಪದವಲ್ಲ ಎಂಬುದಕ್ಕೆ ಅದರ ರೂಪವೇ ಪುರಾವೆ. ಲ್ಯಾಟಿನ್ನಿನ ರಿಗಿದುಸ್ ಮಾತಿನಲ್ಲಿ ಸವೆದು ಫ್ರೆಂಚಿನ ರೆದ್ ಆಯಿತು. ಪುಸ್ತಕದಿಂದ ಬಂದ ಜೊತೆಪದ ರಿಜೀದ್ ಅಕ್ಷರ ಸವೆಯದೆ ಉಳಿಯಿತು. ತಿಮೀದ್ ಕೂಡ ಸವೆದಿಲ್ಲ. 16ನೆಯ ಶತಮಾನದಲ್ಲಿ ಹೀಗೆ ಒಳಬಂದ ಪದ 18ನೆಯ ಶತಮಾನಕ್ಕೆ ಎಲ್ಲಿ ಮುಟ್ಟಿತ್ತು ಎಂಬುದಕ್ಕೆ ರೂಸೋನ ‘ತಪ್ಪೊಪ್ಪಿಗೆಗಳು’ ಸಾಕ್ಷಿ. 1752ರ ಅಕ್ಟೋಬರಿನಲ್ಲಿ ಫೊಂತೆನ್‌ಬ್ಲೋ ಅರಮನೆಯಲ್ಲಿ 15ನೆಯ ಲೂಯಿಯ ಎದುರು ಅವನ ಗೀತನಾಟಕ ‘ಹಳ್ಳಿಯ ಕಣಿಗಾರ’ ಜಯಭೇರಿ ಬಾರಿಸಿತು. ಮರುದಿನ ದೊರೆಯ ದರ್ಶನ. ವರ್ಷಾಶನ ಸಿಗುವ ಸೂಚನೆಯೂ ಇತ್ತು. ರೂಸೋ ಹೋಗಲೇ ಇಲ್ಲ. ಪದೇ ಪದೇ ಹೊರಗೆ ಹೋಗಬೇಕಾಗುವ ಮೂತ್ರಬಾಧೆ ಒಂದು ಕಾರಣವಾದರೆ, ಸಾಮಾನ್ಯ ಅಪರಿಚಿತನೆದುರೂ ತನ್ನನ್ನು ಕಂಗೆಡಿಸುವ ತಿಮಿದಿತೆ ಫ್ರಾನ್ಸಿನ ದೊರೆಯೆದುರು ಬಿಟ್ಟುಹೋದೀತೇ ಎಂಬ ಚಿಂತೆ ಇನ್ನೊಂದು. ಮೈಕೆನಾಸ್‌ನ ಮುಂದೆ ನಿಂತ ಹೊರೇಸ್‌ನದೂ ಹೆಚ್ಚುಕಡಿಮೆ ಇದೇ ಪಾಡು. ಹೊರೇಸ್ ಅದಕ್ಕೆ ಸಜ್ಜನರ ಗುಣದ ಹೆಸರು ಕೊಟ್ಟ, ರೂಸೋ ತನ್ನನ್ನು ಕಾಡುವ ಶನಿಯ ಹಾಗೆ ಅದನ್ನು ಶಪಿಸಿದ. 1898ರಲ್ಲಿ ಲುಡೋವಿಕ್ ದ್ಯುಗಾನ, 1901ರಲ್ಲಿ ವೈದ್ಯ ಪೋಲ್ ಹಾರ್ತೆನ್‌ಬೆರ್ಗ್‌ನ ತಿಮಿದಿತೆ ಕುರಿತ ಗ್ರಂಥಗಳು ಬರುವ ಹೊತ್ತಿಗೆ ಅದು ಮನೋವಿಜ್ಞಾನಿಯೂ ವೈದ್ಯನೂ ವಿಚಾರಿಸುವ ಬಾಧೆಯಾಗಿತ್ತು.

ಕೆಲವು ಭಾಷೆಗಳು ಈ ಸಾಲಿಗೆ ಪೂರ್ತಿ ಸೇರುವುದಿಲ್ಲ. ರೊಮೇನಿಯನ್ ಭಾಷೆ ವೆರೆಕುಂದಿಯಾವನ್ನೇ ಬಿಟ್ಟು ರುಶೀನೆ ಎಂಬ ಪದ ಇಟ್ಟುಕೊಂಡಿದೆ. ಅದನ್ನು ಕೆಂಪು ಎಂಬ ಅರ್ಥದ ರೊಶು ಪದದ ನಂಟಿಗೆ ಸೇರಿಸುವುದು ರ‍ೂಢಿ. ಇಟಾಲಿಯನ್ನಿನ ಸ್ಕೀವೊ, ಸ್ಪ್ಯಾನಿಷ್‌ನ ಎಸ್ಕೀವೊ ಎಂಬ ‘ಜನರಿಂದ ದೂರ ಸರಿಯುವವನು’ ಎನ್ನುವ ಪದಗಳು ಜರ್ಮ್ಯಾನಿಕ್‌ನಿಂದ ಬಂದವು. ಬೆದರುವ ಕುದುರೆಗೂ ನಾಚುವ ಹುಡುಗನಿಗೂ ಇಂಗ್ಲಿಷ್ ಹೇಳುವ ಶೈ ಇವುಗಳ ದಾಯಾದಿ. ಐಬೀರಿಯಾದಲ್ಲಿ ಮಾತ್ರ ತದ್ಭವ ಇನ್ನೂ ಗಟ್ಟಿಯಾಗಿದೆ. ನೆಂಟರು ಬಂದಾಗ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುವ ಮಗುವನ್ನು ಸ್ಪ್ಯಾನಿಷ್‌ನಲ್ಲಿ ವೆರ್ಗೊನ್ಸೋಸೊ, ಕ್ಯಾಟಲನ್ನಿನಲ್ಲಿ ವೆರ್ಗೊನ್ಯೋಸ್ ಎನ್ನುವುದು ಮನೆಮಾತು. ಅದೇ ಪದ ನಾಚಿಕೆಗೇಡಿನ ಹಗರಣಕ್ಕೂ ಸಲ್ಲುತ್ತದೆ, ಪತ್ರಿಕೆಯ ತಲೆಬರಹದಲ್ಲಿ.

ಅಟ್ಲಾಂಟಿಕ್ ದಾಟಿದರೆ ಇನ್ನೊಂದು ಪದ ಈ ಕೆಲಸಕ್ಕೆ ನಿಂತಿದೆ. ಪೇನಾ ಎಂಬುದಕ್ಕೆ ಸ್ಪೇನಿನಲ್ಲಿ ದುಃಖ, ಮರುಕ ಎಂದರ್ಥ. ಮೂಲ ಲ್ಯಾಟಿನ್ನಿನ ಪೋಯ್ನಾ, ಅದರ ಹಿಂದೆ ಗ್ರೀಕಿನಲ್ಲಿ ಕೊಲೆಗೆ ಕೊಡುವ ಪರಿಹಾರದ ಹಣ. ರೋಮಿನ ಹನ್ನೆರಡು ಫಲಕಗಳ ಕಾನೂನಿನಲ್ಲಿ ಸಣ್ಣಪುಟ್ಟ ಹಲ್ಲೆಗೆ 25 ಆಸ್ ಹಣದ ಪೋಯ್ನಾ ಇತ್ತು. ಆ ದಂಡದ ಪದ ಇಂದು ಕೊಲಂಬಿಯಾದಲ್ಲಿ, ಮೆಕ್ಸಿಕೊದಲ್ಲಿ, ಕೆರಿಬಿಯನ್ ತೀರದಲ್ಲಿ ಸಂಕೋಚದ ಪದವಾಗಿದೆ. ತಡವಾಗಿ ಬಂದ ಬೊಗೋಟಾದವನು ಬಾಗಿಲಲ್ಲೇ ‘ಕೇ ಪೇನಾ’ ಎನ್ನುತ್ತಾನೆ. ಊಟಕ್ಕೆ ಕೂತ ಅತಿಥಿಗೆ ಇನ್ನೊಂದು ಸಲ ಬಡಿಸೆಂದು ಕೇಳಲು ‘ಪೇನಾ’ ಆಗುತ್ತದೆ. ವ್ಯಾಕರಣದಲ್ಲೂ ಅದು ಅವನಿಗೆ ಆಗುವಂಥದೇ, ಅವನು ಮಾಡುವಂಥದಲ್ಲ. ಅವನೇನೂ ಹೇಡಿಯಲ್ಲ, ಪಾಪ ಮಾಡಿದವನೂ ಅಲ್ಲ. ಆತಿಥೇಯಳಿಗೆ ತೊಂದರೆಯಾದೀತೆಂಬ ಲಕ್ಷ್ಯ ಅವನನ್ನು ತಡೆಯುತ್ತಿದೆ. ಸಿಸೆರೊ ನ್ಯಾಯದ ಪಕ್ಕದಲ್ಲಿಟ್ಟು ವಿಂಗಡಿಸಿದ ಕೆಲಸವನ್ನು ಆ ಊರಿನ ಸ್ಪ್ಯಾನಿಷ್‌ನಲ್ಲಿ ಈಗ ಮಾಡುತ್ತಿರುವುದು ದಂಡಸಂಹಿತೆಯಿಂದ ಬಂದ ಈ ಪದ.